ಅಪ್ಪನೆನಿಸಿಕೊಂಡ ಆಳ್ವಿಕೆ: ಸಗರನಾಡನ್ನು ಕುರಿತ ಮೂರು ಗದ್ಯಕೃತಿಗಳ ವಿಮರ್ಶೆ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯ ಬಹುಭಾಗಕ್ಕೆ ಸಗರನಾಡೆಂಬ ಹಳೆಯ ಹೆಸರುಂಟು. ಶಹಾಪುರದ ಸಮೀಪದ ಸಗರವೆಂಬ ಊರು ಆ ಹೆಸರನ್ನು ಈಗಲೂ ಉಳಿಸಿಕೊಂಡಿದೆ. ಕೃಷ್ಣೆ ಭೀಮೆಗಳ ನೀರುಂಡ ಈ ನೆಲವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದಿತು. ಅನಂತರ ಎಂಟು ವರ್ಷ ಹೈದರಾಬಾದು ರಾಜ್ಯದ ಗುಲಬರ್ಗಾ ಜಿಲ್ಲೆಯಾಗಿಯೇ ಉಳಿದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 2009ರ ಕೊನೆಯಲ್ಲಿ ಯಾದಗಿರಿಯೆಂಬ ಪ್ರತ್ಯೇಕ ಜಿಲ್ಲೆಯಾಯಿತು. ನಮ್ಮ ಪಠ್ಯಗಳಲ್ಲಿ ಈ ದಿನಾಂಕಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದು ಕುಳಿತಿವೆ. ವಿದ್ಯಾರ್ಥಿಯು ಅವನ್ನು ಹತ್ತಿ ಬಂದು ಪ್ರಜಾಪ್ರಭುತ್ವದ ಮಾಳಿಗೆಯ ಮೇಲೆ ನಿಲ್ಲುತ್ತಾನೆ. ಆದರೆ ಈ ಬದಲಾವಣೆಯನ್ನು ಬಣ್ಣಿಸಿದ ಬರವಣಿಗೆಯೊಳಗೆ ಇಲ್ಲಿಯ ಮನುಷ್ಯನು ಯಾವ ಪಾತ್ರದಲ್ಲಿ ಕಾಣಿಸಿಕೊಳ್ಳುತ್ತಾನೆ, ಅಲ್ಲಿ ಮಾತನಾಡುವವರು ಯಾರು, ಕೇಳುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆಯು ಎತ್ತಿಕೊಂಡದ್ದು ವಿರಳ. ಪ್ರಸ್ತುತ ಲೇಖನದಲ್ಲಿ ಮೂರು ಗದ್ಯಕೃತಿಗಳನ್ನು ಈ ಪ್ರಶ್ನೆಯ ಎದುರಿಗಿಟ್ಟು ನೋಡಲಾಗಿದೆ. ಮೂರೂ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟವು ಎಂಬುದೂ ಪ್ರಶ್ನೆಯ ಒಂದು ಅಂಗವೇ ಸರಿ.

ಮೊದಲನೆಯದು ಫಿಲಿಪ್ ಮೆಡೋಸ್ ಟೇಲರನ ಆತ್ಮಚರಿತ್ರೆ, ‘ಸ್ಟೋರಿ ಆಫ್ ಮೈ ಲೈಫ್’. ಟೇಲರನು 1876ರಲ್ಲಿ ತೀರಿಕೊಂಡ ಮೇಲೆ ಆತನ ಮಗಳು ಅದನ್ನು ಸಂಪಾದಿಸಿ 1877ರಲ್ಲಿ ಪ್ರಕಟಿಸಿದಳು. ಕರ್ತೃವು ‘ಕನ್ಫೆಷನ್ಸ್ ಆಫ್ ಎ ಥಗ್’, ‘ತಾರಾ’ ಮೊದಲಾದ ಕಾದಂಬರಿಗಳಿಂದ ಪ್ರಸಿದ್ಧನಾದವನು. ಕಂಪನಿಯ ಸೇನೆಯವನಲ್ಲ, ನಿಜಾಮನ ಸೇವೆಯಲ್ಲಿದ್ದ ಆಂಗ್ಲ ಅಧಿಕಾರಿ. 1840ರ ದಶಕದ ಆರಂಭದಲ್ಲಿ ಸುರಪುರದ ಬೇಡ ಸಂಸ್ಥಾನಕ್ಕೆ ಬಂದು, ರಾಜಾ ಕೃಷ್ಣಪ್ಪನಾಯಕನು ತೀರಿಕೊಂಡಾಗ ಬಾಲಕನಾಗಿದ್ದ ವೆಂಕಟಪ್ಪನಾಯಕನ ಹೆಸರಿನಲ್ಲಿ 1853ರವರೆಗೆ ಆಡಳಿತವನ್ನು ನೋಡಿಕೊಂಡನು. ಔರಂಗಜೇಬನು ತಾನೇ ಸೈನ್ಯದ ಮುಂದೆ ನಿಂತು 1705ರಲ್ಲಿ ಮುತ್ತಿದ ವಾಗಿಣಗೇರಿಯ ವಂಶವಿದು. ಟೇಲರನು ಬಂದಾಗ ಅದು ಸಾಲದಲ್ಲಿ ಮುಳುಗಿದ್ದಿತು. ಲೆಕ್ಕಪತ್ರಗಳನ್ನು ಸರಿಪಡಿಸಿದುದನ್ನೂ ಕೆರೆ ರಸ್ತೆಗಳನ್ನು ಮಾಡಿಸಿದುದನ್ನೂ ಆತನು ಸಾವಕಾಶವಾಗಿ ಬಣ್ಣಿಸುತ್ತಾನೆ. ರಾಜನಕೋಳೂರು ಮೊದಲಾದೆಡೆಗಳ ಶಿಲಾಸಮಾಧಿಗಳನ್ನು ಮೊದಲಿಗೆ ಶೋಧಿಸಿದವರಲ್ಲಿ ಒಬ್ಬನಾದ್ದರಿಂದ ಪುರಾತತ್ತ್ವದವರಿಗೂ ಆತನ ಋಣವುಂಟು. ಇದೊಂದನ್ನೂ ಅಲ್ಲಗಳೆಯುವುದು ಉಚಿತವಲ್ಲ. ಕಥನಕಲೆಯ ದೃಷ್ಟಿಯಿಂದಲೂ ಸುರಪುರದ ಅಧ್ಯಾಯಗಳು ಆ ಗ್ರಂಥದ ಅತ್ಯುತ್ತಮ ಭಾಗ. ಆತನ ಕಾದಂಬರಿಗಳಲ್ಲಿ ಸಹ ಇಷ್ಟು ಜೀವಂತವಾದ ಪಾತ್ರಗಳು ಕಡಿಮೆ. ಹೀಗಿರುವುದರಿಂದಲೇ ನಾವು ಎಚ್ಚರದಿಂದಿರಬೇಕು.

ಆ ಅಧ್ಯಾಯಗಳ ಕೇಂದ್ರದಲ್ಲಿರುವುದು ಒಂದು ಕನ್ನಡ ಶಬ್ದ. ಬಾಲಕ ರಾಜನು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಬೆಳೆದ ಮೇಲೆಯೂ, 1858ರಲ್ಲಿ ಬಂದಿಯಾದ ಮೇಲೆಯೂ, ಅದೇ ಸಂಬೋಧನೆ. ಟೇಲರನು ಇದನ್ನು ತಂದೆಯೆಂಬ ಒಂದೇ ಅರ್ಥದಲ್ಲಿ ಗ್ರಹಿಸಿ, ತನ್ನ ಆಡಳಿತದ ಸಮರ್ಥನೆಯನ್ನೆಲ್ಲ ಅದರ ಮೇಲೆ ನಿಲ್ಲಿಸಿದ್ದಾನೆ. ಕನ್ನಡ ಬಲ್ಲ ಓದುಗನ ಕಿವಿಗೆ ಈ ಶಬ್ದವು ಇಷ್ಟು ಸರಳವಲ್ಲ. ನಾವು ಮಗನನ್ನೂ ‘ಬಾರಪ್ಪಾ’ ಎನ್ನುತ್ತೇವೆ. ಸಮಾನನನ್ನು ‘ಏನಪ್ಪಾ’ ಎಂದು ಮಾತಿಗೆಳೆಯುತ್ತೇವೆ. ಕಲಬುರ್ಗಿಯ ಸೀಮೆಯಲ್ಲಿ ಮಠದ ಗುರುವೂ ಅಪ್ಪ, ದೇವರೂ ಅಪ್ಪ. ಸಿಟ್ಟಿಗೆದ್ದವನನ್ನು ಸಮಾಧಾನಪಡಿಸಲು ಹೇಳುವ ‘ಆಯ್ತಪ್ಪಾ’ದಲ್ಲಿ ಪಿತೃಭಕ್ತಿಯ ಲೇಶವೂ ಇಲ್ಲ. ಇನ್ನೂ ಲಕ್ಷಿಸತಕ್ಕ ಸಂಗತಿಯೆಂದರೆ, ಆ ಹುಡುಗನ ಹೆಸರಿನಲ್ಲಿಯೇ ಅಪ್ಪನಿದ್ದಾನೆ, ಅವನ ತಂದೆಯ ಹೆಸರಿನಲ್ಲಿಯೂ ಇದ್ದಾನೆ. ತನ್ನ ಗಡಿಯೊಳಗೆ ಬಂದು ಖಜಾನೆಯ ಕೀಲಿಯನ್ನು ಕೈಯಲ್ಲಿ ಹಿಡಿದ ಪರದೇಶದ ಅಧಿಕಾರಿಯನ್ನು ಅರಮನೆಯ ಮಗುವೊಂದು ಬೇರೆ ಏನೆಂದು ಕರೆಯಬೇಕಿತ್ತು? ಆ ಸಂಬೋಧನೆಯಲ್ಲಿ ಪ್ರೀತಿ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಪ್ರೀತಿ, ಮರ್ಯಾದೆ, ಭಯ, ಉಪಾಯ ಇವೆಲ್ಲವೂ ಅದರಲ್ಲಿ ಅಡಗಿರಲು ಅವಕಾಶವುಂಟು. ಟೇಲರನು ಒಂದನ್ನೇ ಕೇಳಿಸಿಕೊಂಡನು. ಆಳುವವನ ಕಿವಿಯು ಸಾಮಾನ್ಯವಾಗಿ ಹೀಗೆಯೇ ಇರುತ್ತದೆ.

ತಂದೆಯ ಸ್ಥಾನವು ಒಬ್ಬನಿಗೆ ದೊರೆಯಬೇಕಾದರೆ ತಾಯಿಯ ಸ್ಥಾನವು ತೆರವಾಗಬೇಕು. ರಾಣಿ ಈಶ್ವರಮ್ಮನ ಚಿತ್ರಣವನ್ನು ಈ ಬೆಳಕಿನಲ್ಲಿ ಓದಬೇಕಾಗಿದೆ. ಮಗನ ಪರವಾಗಿ ಅಧಿಕಾರ ನಡೆಸಬಯಸಿದ ಈ ವಿಧವೆಯನ್ನು ಟೇಲರನು ಕುತಂತ್ರಿ, ದುರ್ನಡತೆಯವಳು, ಮಗನ ಹಿತವನ್ನರಿಯದವಳು ಎಂದು ಚಿತ್ರಿಸಿದ್ದಾನೆ. ಇದು ಸತ್ಯವೋ ಅಸತ್ಯವೋ ಎಂಬುದು ಚರಿತ್ರಕಾರರ ವಿಚಾರ. ವಿಮರ್ಶಕನು ಗಮನಿಸಬೇಕಾದುದು ಇಷ್ಟು: ಸಾಕ್ಷಿಯನ್ನೆಲ್ಲ ಎದುರಾಳಿಯೇ ನುಡಿಯುತ್ತಾನೆ, ಆಕೆಯ ಪರವಾದ ಒಂದು ಮಾತಿಗೂ ಗ್ರಂಥದಲ್ಲಿ ಎಡೆಯಿಲ್ಲ. ಇಂಥ ಏಕಪಕ್ಷದ ಪಾತ್ರನಿರ್ಮಾಣವನ್ನು ಕಾದಂಬರಿಯಲ್ಲಿ ಕಂಡರೆ ನಾವು ದೋಷವೆನ್ನುತ್ತೇವೆ. ಆತ್ಮಚರಿತ್ರೆಯಲ್ಲಿ ಕಂಡಾಗ ಮಾತ್ರ ಆಧಾರವೆಂದು ಉದ್ಧರಿಸುತ್ತೇವೆ!

1858ರ ಫೆಬ್ರವರಿಯಲ್ಲಿ ಸುರಪುರವು ಬ್ರಿಟಿಷರ ವಿರುದ್ಧ ಎದ್ದಿತು. ಊರು ಕೈಬಿಟ್ಟ ಮೇಲೆ ವೆಂಕಟಪ್ಪನಾಯಕನು ಹೈದರಾಬಾದಿಗೆ ಹೋಗಿ ಸೆರೆಸಿಕ್ಕನು. ಮರಣದಂಡನೆಯು ಸೆರೆವಾಸಕ್ಕೆ ಇಳಿಯಿತು. ಅದಕ್ಕಾಗಿ ಚೆಂಗಲಪೇಟೆಗೆ ಒಯ್ಯುತ್ತಿರುವಾಗ ದಾರಿಯಲ್ಲಿ ಗುಂಡು ತಗುಲಿ ಮರಣ ಹೊಂದಿದನು. ಆತನೇ ಹಾರಿಸಿಕೊಂಡನೆಂದು ಟೇಲರನ ಹೇಳಿಕೆ. ಕಳ್ಳನಂತೆ ನೇಣಿಗೇರಿಸಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದು ಸೆರೆಯಲ್ಲಿದ್ದ ಯುವಕನು ಕೇಳಿಕೊಂಡ ಸನ್ನಿವೇಶವನ್ನು ಓದಿ ಮನಸ್ಸು ಕಲಕದಿರುವುದು ಕಷ್ಟ. ಆದರೆ ಅದರ ಹಿಂದೆಯೇ ಟೇಲರನು ಒಂದು ಜಾತಕದ ಕಥೆಯನ್ನು ತಂದು ಜೋಡಿಸಿದ್ದಾನೆ. ರಾಜನು ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಪುರೋಹಿತರು ಎಂದೋ ಗುಟ್ಟಾಗಿ ತಿಳಿಸಿದ್ದರಂತೆ; ಅದು ದಿಟವಾಯಿತಂತೆ. ಓದುಗನು ಬೆರಗಾಗುತ್ತಾನೆ, ಆ ಬೆರಗಿನಲ್ಲಿ ಮುಖ್ಯ ಪ್ರಶ್ನೆಯನ್ನು ಮರೆಯುತ್ತಾನೆ. ಒಬ್ಬ ದೊರೆ ಏಕೆ ಬಂಡೆದ್ದನು? ಆತನ ಸುತ್ತಲಿದ್ದ ಬೇಡ ಪಡೆಯವರಿಗೆ ಏನು ನೋವಿತ್ತು? ಇದಕ್ಕೆ ಗ್ರಂಥದಲ್ಲಿ ದೊರೆಯುವ ಉತ್ತರವು ಎರಡೇ: ದುರ್ಬೋಧನೆ, ವಿಧಿ. ಅಪ್ಪನ ಮಾತು ಕೇಳದ ಮಗನು ಕೆಟ್ಟನು, ಮತ್ತು ಅದು ಅವನ ಹಣೆಯಲ್ಲಿ ಬರೆದಿದ್ದಿತು. ರಾಜಕೀಯ ಕ್ರಿಯೆಯೊಂದು ಹೀಗೆ ಮನೆಮಾತಿನ ದುಃಖವಾಗಿ ಮಾರ್ಪಡುತ್ತದೆ. 1860ರಲ್ಲಿ ಬ್ರಿಟಿಷರು ಸುರಪುರವನ್ನು ತಮ್ಮ ಮಿತ್ರನಾದ ನಿಜಾಮನಿಗೆ ಕೊಟ್ಟುಬಿಟ್ಟರು. ಕೊಟ್ಟವರಾಗಲಿ ಪಡೆದವರಾಗಲಿ ಊರನ್ನು ಕೇಳಲಿಲ್ಲ.

ಮುಂದಿನ ಎಂಬತ್ತೆಂಟು ವರ್ಷಗಳ ವಿಸ್ತಾರವು ಇಲ್ಲಿ ಅನವಶ್ಯಕ. 1880ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದುವು ಆಡಳಿತಭಾಷೆಯಾಗಿ ಬಂದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟುದು ದೊಡ್ಡ ಸಾಹಸವೇ. ಆದರೆ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬಹುಸಂಖ್ಯಾತ ಪ್ರಜೆಗೆ ಅದು ಇನ್ನೊಂದು ಬಾಗಿಲು, ಇನ್ನೊಂದು ಬೀಗ. ರಾಜ್ಯದ ಭೂಮಿಯಲ್ಲಿ ಸುಮಾರು ಹತ್ತರಲ್ಲಿ ನಾಲ್ಕು ಪಾಲು ನಿಜಾಮನ ಸ್ವಂತದ ಸರ್ಫ್-ಇ-ಖಾಸ್ ಮತ್ತು ಜಾಗೀರುಗಳಲ್ಲಿ ಹಂಚಿಹೋಗಿದ್ದಿತು. ಜನರಿಂದ ಆಯ್ಕೆಗೊಂಡ ಹೊಣೆಗಾರ ಸರಕಾರವು ಕೊನೆಯವರೆಗೂ ಇರಲಿಲ್ಲ. ಪ್ರಜೆಯು ಸರಕಾರದೊಡನೆ ಮಾತನಾಡಬಹುದಾದ ಸಾಹಿತ್ಯಪ್ರಕಾರವೆಂದರೆ ಒಂದೇ, ಅರ್ಜಿ. ಅದರ ಭಾಷೆ ಅವನದಲ್ಲ, ಬರೆಯುವ ಕೈ ಅವನದಲ್ಲ, ಮಾಯಿ-ಬಾಪ್ ಎಂಬ ಸಂಬೋಧನೆಯೂ ಅವನು ಆರಿಸಿಕೊಂಡದ್ದಲ್ಲ. ಟೇಲರನ ‘ಅಪ್ಪ’ನು ಇಲ್ಲಿ ಕಚೇರಿಯ ಕಾಗದದ ಮೇಲಕ್ಕೆ ಏರಿದನೆಂದು ಹೇಳಬಹುದು.

ಎರಡನೆಯ ಕೃತಿ ಸ್ವಾಮಿ ರಾಮಾನಂದ ತೀರ್ಥರ ಹೈದರಾಬಾದು ಸ್ವಾತಂತ್ರ್ಯ ಹೋರಾಟದ ಸ್ಮೃತಿಗಳು, 1967ರಲ್ಲಿ ಪ್ರಕಟವಾದುದು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮುನ್ನವೇ ನಿಷಿದ್ಧವಾದಾಗ ಸತ್ಯಾಗ್ರಹಕ್ಕಿಳಿದು ಸೆರೆಮನೆ ಕಂಡವರ ಗ್ರಂಥವಿದು. ಆಜ್ಞೆಯ ಧ್ವನಿ ಇದರಲ್ಲಿಲ್ಲ. ನೊಂದವರ ಪಕ್ಷದಲ್ಲಿ ನಿಂತ ಗದ್ಯ. ಶೈಲಿ ಒಣಗಿದ್ದರೂ ಪ್ರಾಮಾಣಿಕವಾದುದು. ನಿಜಾಮನು ಇಳಿದರೆ ಸಾಲದು, ಹೈದರಾಬಾದು ರಾಜ್ಯವೇ ಭಾಷೆಗಳ ಮೇರೆಗೆ ಬಿಚ್ಚಿಕೊಳ್ಳಬೇಕು ಎಂಬ ನಿಲುವನ್ನು ಅದರ ಕರ್ತೃ ದೃಢವಾಗಿ ಹಿಡಿದಿದ್ದರು. ಹಲವರು 1948ರಲ್ಲಿ ಕೆಲಸ ಮುಗಿಯಿತೆಂದು ತಿಳಿದಾಗ ಹೀಗೆ ಮುಂದೆ ನೋಡಿದುದು ಅವರ ದೊಡ್ಡತನ.

ಆದರೂ ಸಗರನಾಡಿನ ಓದುಗನು ಈ ಗ್ರಂಥದಲ್ಲಿ ತನ್ನನ್ನು ಹುಡುಕಿದರೆ ನಿರಾಶನಾಗುತ್ತಾನೆ. ಸ್ವಾಮೀಜಿಯವರು ಮೊದಲಿಗೆ ದುಡಿದುದು ಹಿಪ್ಪರಗಾ, ಅಂಬಾಜೋಗಾಯಿಗಳ ಶಾಲೆಗಳಲ್ಲಿ. ಕಥನದ ಪಾದವು ಸಹಜವಾಗಿಯೇ ಮರಾಠವಾಡದಲ್ಲಿ ಊರಿದೆ. ಇದನ್ನು ಕೊರತೆಯೆನ್ನಲಾಗದು. ಕೊರತೆಯೆನ್ನಬೇಕಾದುದು ಬೇರೆ. ಸಭೆ, ಠರಾವು, ಸಂಧಾನ, ಸೆರೆವಾಸ, ದೆಹಲಿಯ ಪತ್ರವ್ಯವಹಾರ, ಇವುಗಳ ನಡುವೆ ‘ಜನತೆ’ಯೆಂಬುದು ಒಂದು ಸಮೂಹವಾಗಿ ಬರುತ್ತದೆ, ಸಮೂಹವಾಗಿಯೇ ಹೋಗುತ್ತದೆ. ಅದು ಎಚ್ಚರಗೊಳ್ಳುತ್ತದೆ, ಸಹಿಸುತ್ತದೆ, ಜಯಘೋಷ ಮಾಡುತ್ತದೆ. ಆದರೆ ಅದಕ್ಕೆ ಎರಡು ಅಭಿಪ್ರಾಯಗಳಿರುವಂತೆ ಕಾಣುವುದಿಲ್ಲ. ಯಾದಗಿರಿಯ ಕೊಲ್ಲೂರು ಮಲ್ಲಪ್ಪನವರಂಥ ಕಾರ್ಯಕರ್ತರು ಊರೂರು ತಿರುಗಿ ಆಡಿದ ಮಾತು ಯಾವುದು, ಅದನ್ನು ಕೇಳಿದ ಒಕ್ಕಲಿಗನು, ಕೂಲಿಯವನು, ಜಾಗೀರಿನ ಗುಮಾಸ್ತನು ತಿರುಗಿ ಏನೆಂದರು ಎಂಬುದೇ ಈ ಬದಲಾವಣೆಯ ನಿಜವಾದ ಸಂಭಾಷಣೆ. ಅದು ಇಂಥ ಸ್ಮೃತಿಗ್ರಂಥಗಳಲ್ಲಿ ದಾಖಲಾಗುವುದಿಲ್ಲ. ಅಪ್ಪನು ಹೋಗಿ ನಾಯಕನು ಬಂದಿದ್ದಾನೆ, ಕೇಳುವವನು ಇನ್ನೂ ಕೇಳುತ್ತಲೇ ಇದ್ದಾನೆ. ಈ ಮಾತು ಈ ಒಂದು ಗ್ರಂಥಕ್ಕೆ ಮಾತ್ರವಲ್ಲ, ಕನ್ನಡದಲ್ಲಿ ಬಂದಿರುವ ವಿಮೋಚನಾ ಸಾಹಿತ್ಯದ ಬಹುಭಾಗಕ್ಕೂ ಸಲ್ಲುತ್ತದೆ. ಅಲ್ಲಿ ಸೆಪ್ಟೆಂಬರ್ 17 ಕಥೆಯ ಕೊನೆಯ ಪುಟ.

ಮೂರನೆಯ ಬರಹವನ್ನು ಓದಿದವನಿಗೆ ಆ ಪುಟವನ್ನು ಕೊನೆಯದೆಂದು ಮುಚ್ಚುವುದು ಸಾಧ್ಯವಾಗದು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರು ಕೇಂದ್ರ ಸರಕಾರದ ಕೋರಿಕೆಯ ಮೇರೆಗೆ 1948ರ ಕೊನೆಯಲ್ಲಿ ಹೈದರಾಬಾದು ರಾಜ್ಯದಲ್ಲಿ ಸಂಚರಿಸಿ ಒಪ್ಪಿಸಿದ ವರದಿ ಅದು. ಪೊಲೀಸು ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅನಂತರ ಸತ್ತವರು 27 ಸಾವಿರದಿಂದ 40 ಸಾವಿರವೆಂದು ಅದರ ಅಂದಾಜು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದು, ಗುಲಬರ್ಗಾ, ಬೀದರ, ನಾಂದೇಡ. ಈ ನಾಲ್ಕರಲ್ಲಿಯೇ 18 ಸಾವಿರಕ್ಕೆ ಕಡಿಮೆಯಿಲ್ಲವೆಂದು ಹೇಳಿದೆ. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲಬರ್ಗಾ ಜಿಲ್ಲೆಯ ತಾಲೂಕುಗಳಾಗಿದ್ದವು. ಅದಕ್ಕೆ ಮುಂಚೆ ರಜಾಕಾರರು ನಡೆಸಿದ ಕ್ರೌರ್ಯವು, 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಕೊಲೆಯಂಥದು, ಪುನಃ ಪುನಃ ಬರೆಯಲ್ಪಟ್ಟಿದೆ, ಬರೆಯಲ್ಪಡಬೇಕಾದುದೇ. ಅದರ ಪಕ್ಕದ ಪುಟವು ಮಾತ್ರ ದೀರ್ಘಕಾಲ ಖಾಲಿ ಉಳಿಯಿತು. ವರದಿಯ ಭಾಗಗಳು ಮುಂಚೆಯೇ ಹೊರಗೆ ತಿಳಿದಿದ್ದವಾದರೂ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ಬಹಿರಂಗವಾಗಿ ದೊರೆತುದು 2013ರ ಸುಮಾರಿಗೆ.

ಬರಹವಾಗಿ ನೋಡಿದರೆ ಇದು ಮೂರರಲ್ಲಿ ಅತ್ಯಂತ ನಿರಲಂಕೃತವಾದುದು, ಅತ್ಯಂತ ಧೀರವಾದುದೂ ಹೌದು. ಕೊಂದವರನ್ನು ಹೇಳುವಂತೆಯೇ ಕಾಪಾಡಿದವರನ್ನೂ ಅದು ಹೇಳುತ್ತದೆ. ನೆರೆಯ ಮುಸಲ್ಮಾನರನ್ನು ರಕ್ಷಿಸಿದ ಹಿಂದೂಗಳ ನಿದರ್ಶನಗಳನ್ನೂ, ಅವರಲ್ಲಿ ಒಂದೇ ಕಸುಬಿನ ನೇಕಾರರು ಪರಸ್ಪರ ನಿಂತುದನ್ನೂ ದಾಖಲಿಸುತ್ತದೆ. ಟೇಲರನಲ್ಲಿಯೂ ರಾಮಾನಂದರಲ್ಲಿಯೂ ನಾವು ಹುಡುಕಿ ಕಾಣದ ವ್ಯಕ್ತಿ, ತಾನೇ ನಿರ್ಣಯಿಸಿ ತಾನೇ ನಡೆದುಕೊಂಡ ಸಾಮಾನ್ಯನು, ಇಲ್ಲಿ ಒಂದು ಕ್ಷಣ ಕಾಣಿಸಿಕೊಳ್ಳುತ್ತಾನೆ. ಮಗ್ಗದ ಮೇಲೆ ಕುಳಿತವನಿಗೆ ಯಾವ ಅಪ್ಪನೂ ಅಪ್ಪಣೆ ಕೊಟ್ಟಿರಲಿಲ್ಲ. ಆದರೆ ಆ ವರದಿಯು ಕಂಡವರಿಂದ ಬಂದು ಆಳುವವರಿಗೆ ಹೋಯಿತು. ಊರಿಗೆ ತಿರುಗಿ ಬರಲಿಲ್ಲ. ಮಕ್ಕಳ ಕಿವಿಗೆ ಬೀಳಬಾರದೆಂದು ಹಿರಿಯರು ಬಾಗಿಲು ಹಾಕಿಕೊಂಡು ಮಾತನಾಡುವ ಪದ್ಧತಿಯಿದು.

ನಿರಂಕುಶಾಧಿಕಾರದಿಂದ ಹೊರಬಂದ ಬೇರೆ ದೇಶಗಳಲ್ಲಿಯೂ ಇಂಥ ಮೌನವುಂಟು. ಸ್ಪೇನಿನಲ್ಲಿ ಫ್ರಾಂಕೊ 1975ರಲ್ಲಿ ತೀರಿಕೊಂಡ ಮೇಲೆ 1977ರ ಕ್ಷಮಾದಾನ ಕಾನೂನಿನೊಡನೆ ಹಿಂದಿನದನ್ನು ಕೆದಕದಿರುವ ಒಂದು ಒಡಂಬಡಿಕೆಯೂ ನಡೆಯಿತು. ಬಾಸ್ಕ್ ಮತ್ತು ಕತಲೋನಿಯ ಸೀಮೆಗಳು 1979ರಲ್ಲಿ ತಮ್ಮ ಭಾಷೆಗೂ ಸ್ವಾಯತ್ತತೆಗೂ ಮನ್ನಣೆ ಪಡೆದವು. ಹೂತವರ ಲೆಕ್ಕವನ್ನು ಕುರಿತ ಕಾನೂನು ಬಂದುದು 2007ರಲ್ಲಿ. ಪ್ರಾಂತಕ್ಕೆ ಹಕ್ಕು ಬೇಗ ಬಂದಿತು, ಸತ್ತವರಿಗೆ ಮಾತು ತಡವಾಗಿ ಬಂದಿತು. ನಮ್ಮ 1956ಕ್ಕೂ 2013ಕ್ಕೂ ಇರುವ ಅಂತರವನ್ನು ಇದರೊಡನೆ ಹೋಲಿಸಿ ನೋಡುವುದು ವಿದ್ಯಾರ್ಥಿಗಳಿಗೆ ಉಪಯುಕ್ತ. ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ, ಅಲ್ಲಿಯದು ನಾಡೊಳಗಿನ ಯುದ್ಧದ ನೆನಪು.

ಹಾಗಾದರೆ ಸಗರನಾಡಿನಲ್ಲಿ ಬದಲಾವಣೆ ಎಲ್ಲಿ ನಡೆಯಿತು? ಈ ಮೂರು ಕೃತಿಗಳ ಹೊರಗೆ, ಕಾಗದದ ಕಟ್ಟುಗಳಲ್ಲಿ ನಡೆಯಿತೆಂಬುದು ನಮ್ಮ ಅಭಿಪ್ರಾಯ. 1949ರಲ್ಲಿ ಸರ್ಫ್-ಇ-ಖಾಸ್ ಭೂಮಿಯು ಸರಕಾರದಲ್ಲಿ ಲೀನವಾಯಿತು, ಜಾಗೀರುಗಳು ರದ್ದಾದವು. 1950ರ ಹೈದರಾಬಾದು ಗೇಣಿ ಮತ್ತು ಕೃಷಿಭೂಮಿ ಕಾಯ್ದೆಯು ‘ರಕ್ಷಿತ ಗೇಣಿದಾರ’ನೆಂಬ ಹೊಸ ಮನುಷ್ಯನನ್ನು ಸೃಷ್ಟಿಸಿತು. 1952ರ ಚುನಾವಣೆಯಲ್ಲಿ, 175 ಸ್ಥಾನಗಳ ಹೈದರಾಬಾದು ವಿಧಾನಸಭೆಗೆ, ಓದು ಬಾರದವರೂ ಹೆಣ್ಣುಮಕ್ಕಳೂ ಮತ ಹಾಕಿದರು. 1956ರ ಮೇಲೆ ಕಂದಾಯದ ಭಾಷೆ ಕನ್ನಡವಾಗುತ್ತ ಬಂದಿತು. ಪಹಣಿ, ಖಾತೆ, ಪಟ್ಟಾ, ದಸ್ತಾವೇಜು, ಅರ್ಜಿ, ತಹಶೀಲ್ದಾರ ಎಂಬ ಶಬ್ದಗಳು ಮಾತ್ರ ಲಿಪಿ ಬದಲಿಸಿಕೊಂಡು ಹಾಗೆಯೇ ಉಳಿದವು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾನೂನಿನಿಂದ 1963ರಲ್ಲಿ ಕೊನೆಗೊಂಡವು. ಮಾಲೀಪಾಟೀಲ, ಪೊಲೀಸ್‌ಪಾಟೀಲ ಎಂಬವು ಹುದ್ದೆಯಿಂದಿಳಿದು ಮನೆತನದ ಹೆಸರುಗಳಾದವು. ನಾರಾಯಣಪುರದ ಅಣೆಕಟ್ಟಿನ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಶಹಾಪುರ ಸುರಪುರಗಳ ಎರೆಭೂಮಿಯ ಬೆಲೆಯೂ ಬೆಳೆಯೂ ಬೇರೆಯಾದವು, ಕಾಲುವೆಯ ಮೇಲಿನವನೂ ಕೆಳಗಿನವನೂ ಬೇರೆಯಾದರು. ರಕ್ಷಿತ ಗೇಣಿದಾರನೆಂದು ಬರೆಸಿಕೊಳ್ಳಲು ಒಬ್ಬನು ಧಣಿಯ ಎದುರಿಗೆ ನಿಂತು ಹೆಸರು ಹೇಳಿದ ಕ್ಷಣದಲ್ಲಿರುವ ನಾಟಕವನ್ನು ಟೇಲರನ ಸೆರೆಮನೆಯ ಸನ್ನಿವೇಶದಷ್ಟೇ ಶಕ್ತಿಯುಳ್ಳದ್ದೆಂದು ನಾವು ಬಗೆಯುತ್ತೇವೆ. ಹೆಸರನ್ನು ಹೇಳದೆ ಹಿಂದಿರುಗಿದವರು ಎಷ್ಟು ಮಂದಿಯೋ, ಅವರ ಕಥೆಯೂ ಅಷ್ಟೇ ಮುಖ್ಯವಾದುದು.

ಇತ್ತೀಚಿನ ಗದ್ಯದಲ್ಲಿ ಈ ಸೀಮೆಗೆ ಇನ್ನೊಂದು ಸಂಬೋಧನೆ ದೊರೆತಿದೆ, ಅದು ‘ಹಿಂದುಳಿದ ಪ್ರದೇಶ’ ಎಂಬುದು. 2002ರ ನಂಜುಂಡಪ್ಪ ಸಮಿತಿಯ ವರದಿಯು ರಾಜ್ಯದ ಅತಿ ಹಿಂದುಳಿದ 39 ತಾಲೂಕುಗಳಲ್ಲಿ 21ನ್ನು ಕಲಬುರ್ಗಿ ವಿಭಾಗದಲ್ಲಿ ಗುರುತಿಸಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದಿತು. 2019ರಲ್ಲಿ ಹೈದರಾಬಾದು ಕರ್ನಾಟಕವು ಕಲ್ಯಾಣ ಕರ್ನಾಟಕವೆಂದು ಹೆಸರು ಪಡೆಯಿತು. ಸಮಿತಿಯ ಅಂಕಿಗಳು ಪರಿಶ್ರಮದವು, ವಿಧಿಯಿಂದ ದೊರೆತ ಪ್ರವೇಶ ಮತ್ತು ನೌಕರಿಗಳು ನಮ್ಮ ವಿದ್ಯಾರ್ಥಿಗಳ ಬಾಳನ್ನು ಮುಟ್ಟಿವೆ. ಇವನ್ನು ಹಗುರವಾಗಿ ಕಾಣುವುದು ಕೃತಘ್ನತೆ. ಆಕ್ಷೇಪವಿರುವುದು ಭಾಷೆಯನ್ನು ಕುರಿತು. ಹಕ್ಕಾಗಿ ಬಂದುದನ್ನು ನಮ್ಮ ಭಾಷಣಗಳೂ ಪತ್ರಿಕೆಗಳೂ ‘ಕೊಡುಗೆ’ ಎನ್ನುತ್ತವೆ. ಕೊಟ್ಟವರ ಹೆಸರನ್ನು ಮುಂದಿಟ್ಟು, ಪಡೆದವರನ್ನು ಕೈಮುಗಿದು ನಿಲ್ಲಿಸುತ್ತವೆ. ತೆರಿಗೆ ಕೊಟ್ಟು ಮತ ಹಾಕಿದ ಪೌರನಿಗೆ ಸರಕಾರವು ಕೊಡುಗೆ ಕೊಡುವುದೆಂದರೇನು? ‘ಅಪ್ಪಾ’ ಎಂಬ ಶಬ್ದವು ಲೋಪವಾಗಿದೆ, ವಿಭಕ್ತಿಯು ಉಳಿದಿದೆ.

ಇದಕ್ಕೆ ಪ್ರತಿಯಾಗಿ ನಮ್ಮಲ್ಲಿ ಹಲವರು ತತ್ತ್ವಪದಗಳನ್ನೂ ಸಮನ್ವಯದ ಪರಂಪರೆಯನ್ನೂ ತೋರಿಸುತ್ತಾರೆ. ತಿಂಥಣಿಯ ಮೌನೇಶ್ವರ, ಗೋಗಿಯ ಚಂದಾ ಹುಸೇನಿ ದರ್ಗಾ, ಕಡಕೋಳದ ಮಡಿವಾಳಪ್ಪ, ಚೆನ್ನೂರಿನ ಜಲಾಲಸಾಹೇಬ ಇವರನ್ನು ನೆನೆಯದೆ ಈ ಸೀಮೆಯ ಸಾಹಿತ್ಯಚರಿತ್ರೆ ಪೂರ್ಣವಾಗದು. ಗುರುವನ್ನು ಅಪ್ಪನೆಂದು ಕರೆಯುವಲ್ಲಿಯೂ ಶಿಷ್ಯನು ಪ್ರಶ್ನೆ ಹಾಕುತ್ತಾನೆ, ಸವಾಲೆಸೆಯುತ್ತಾನೆ. ಅಲ್ಲಿಯ ಅಪ್ಪನು ಉತ್ತರ ಕೊಡಲೇಬೇಕು. ಟೇಲರನು ಕೇಳಿಸಿಕೊಳ್ಳದ ಅರ್ಥವು ಈ ಪದಗಳಲ್ಲಿ ಜೀವಂತವಾಗಿದೆ. ಆದರೆ 1948ರ ಶರತ್ಕಾಲವನ್ನು ಮುಚ್ಚುವ ಶಾಲುವಾಗಿ ಈ ಪರಂಪರೆಯನ್ನು ಬಳಸುವ ವಾಡಿಕೆಯನ್ನು ನಾವು ಒಪ್ಪಲಾರೆವು. ಒಂದೇ ದರ್ಗಾಕ್ಕೆ ಎಡೆಯೊಯ್ದವರ ಸೀಮೆಯಲ್ಲಿ ಅದು ಹೇಗೆ ನಡೆಯಿತು, ಅಂಥ ಹೊತ್ತಿನಲ್ಲಿಯೂ ನೇಕಾರನು ನೇಕಾರನ ಬಾಗಿಲಲ್ಲಿ ಹೇಗೆ ನಿಂತನು ಎಂಬೆರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳತಕ್ಕದ್ದು.

ಕಪಟರಾಳ ಕೃಷ್ಣರಾಯರು ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆದು ದಾರಿಯನ್ನು ಬಹು ಹಿಂದೆಯೇ ತೆರೆದರು. ಆ ದಾರಿಯಲ್ಲಿ ಈಗ ಆಗಬೇಕಾದ ಕೆಲಸವು ಸಂಸ್ಥಾನದ್ದಲ್ಲ, ಊರಿನದು. 1950ರ ಕಾಯ್ದೆಯ ಕಾಲದ ಗೇಣಿ ಪ್ರಕರಣಗಳ ಹೇಳಿಕೆಗಳನ್ನು ಸಾಹಿತ್ಯವೆಂದು ಓದಬೇಕು: ಯಾರನ್ನು ಏನೆಂದು ಸಂಬೋಧಿಸಿದ್ದಾರೆ, ಎಲ್ಲಿ ‘ಬೇಡಿಕೊಳ್ಳುತ್ತೇನೆ’ ಎಂಬುದು ನಿಂತು ‘ನನ್ನದು’ ಎಂಬುದು ಆರಂಭವಾಗುತ್ತದೆ ಎಂದು ನೋಡಬೇಕು. ಅಂದಿನ ಕಾಗದಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕನ್ನಡ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳಲ್ಲಿ ಆ ಲಿಪಿಯನ್ನು ಕಲಿತವರು ಬೆರಳೆಣಿಕೆಯವರು. ಹಳಗನ್ನಡ ವ್ಯಾಕರಣಕ್ಕೆ ಕೊಡುವ ಸಮಯದಲ್ಲಿ ವಾರಕ್ಕೆರಡು ಗಂಟೆಯನ್ನು ಇದಕ್ಕೆ ಮೀಸಲಿಡುವುದು ಯಾವ ಕಾಲೇಜಿಗೂ ಅಸಾಧ್ಯವಲ್ಲ.